ಹಿಡಿದ ಕೈಯನ್ನು ಎಳೆದುಕೊಳ್ಳಬೇಡಿ: ಐಕಿಡೋ ಕಲಿಯಲು ಹೊರಟವರಿಗೆ ಮೊದಲ ವರ್ಷದ ಮಾರ್ಗದರ್ಶಿ

ಪಕ್ಕದಲ್ಲಿ ಯಾರಾದರೂ ಇದ್ದರೆ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನಿಮ್ಮ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಲು ಹೇಳಿ. ಹಿಡಿದ ತಕ್ಷಣ ಮೈಯಲ್ಲಿ ಏನಾಯಿತು ಗಮನಿಸಿ. ಭುಜ ಮೇಲೆದ್ದಿತು. ಉಸಿರು ಅರ್ಧಕ್ಕೇ ನಿಂತಿತು. ಕೈ ತಾನಾಗಿಯೇ ಹಿಂದಕ್ಕೆ ಎಳೆಯಿತು. ಕಣ್ಣು ಹಿಡಿದ ಜಾಗಕ್ಕೇ ಅಂಟಿಕೊಂಡಿತು. ಇದನ್ನು ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಲ್ವಾ?

ಜಪಾನಿನ ಯುದ್ಧಕಲೆಯಾದ ಐಕಿಡೋ ಶುರುವಾಗುವುದು ಈ ಎಳೆತದಿಂದಲೇ. ಇದನ್ನು ಬಿಡುವುದಕ್ಕೆ ನನಗೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಐಕಿಡೋದ ತತ್ವದ ಬಗ್ಗೆ ಕೇಳಿದರೆ ಜನ ಸಾಮರಸ್ಯ, ಪ್ರೀತಿ, ವಿಶ್ವಶಕ್ತಿ ಎಂದೆಲ್ಲ ಹೇಳುತ್ತಾರೆ. ಅವು ಒಳ್ಳೆಯ ಮಾತುಗಳೇ. ಆದರೆ ಮೊದಲ ದಿನ ಚಾಪೆಯ ಮೇಲೆ ನಿಂತವರಿಗೆ ಅವು ಕೈಗೆ ಸಿಗುವುದಿಲ್ಲ. ಕೈಗೆ ಸಿಗುವುದು ಹಿಡಿದಿರುವ ಮಣಿಕಟ್ಟು. ಹಾಗಾಗಿ ನಾನು ಇಲ್ಲಿ ತತ್ವಕ್ಕೊಂದು ಭಾಗ, ಅಭ್ಯಾಸಕ್ಕೊಂದು ಭಾಗ ಅಂತ ಮಾಡಿಲ್ಲ. ಮೈಗೆ ಹೇಳಿಕೊಡುತ್ತಾ ಹೋಗೋಣ, ಆ ದೊಡ್ಡ ಮಾತುಗಳು ದಾರಿಯಲ್ಲೇ ಸಿಗುತ್ತವೆ.

ಹಂತ 1: ಇದು ಎಲ್ಲಿಂದ ಬಂತು ಎಂದು ತಿಳಿದುಕೊಳ್ಳಿ

ಐಕಿಡೋವನ್ನು ರೂಪಿಸಿದವರು ಮೊರಿಹೇ ಉಯೇಶಿಬಾ. ಜಪಾನಿನ ವಕಾಯಾಮಾ ಪ್ರಾಂತ್ಯದ ತನಾಬೆ ಎಂಬ ಊರಿನಲ್ಲಿ 1883ರಲ್ಲಿ ಹುಟ್ಟಿದರು, 1969ರಲ್ಲಿ ತೀರಿಕೊಂಡರು. ಅಭ್ಯಾಸ ಮಾಡುವವರೆಲ್ಲ ಅವರನ್ನು 'ಓ-ಸೆನ್ಸೇ' ಎನ್ನುತ್ತಾರೆ, ಅಂದರೆ ಹಿರಿಯ ಗುರು. ಐದು ಅಡಿಗಿಂತ ಸ್ವಲ್ಪವೇ ಎತ್ತರ ಇದ್ದ ಮನುಷ್ಯ. ಹೊಕ್ಕೈಡೋದಲ್ಲಿ ಇದ್ದಾಗ, 1915ರಲ್ಲಿ, ಸೊಕಾಕು ತಕೇದಾ ಎಂಬ ಕಠಿಣ ಗುರುವಿನ ಕೈಗೆ ಸಿಕ್ಕರು. ತಕೇದಾ ಕಲಿಸುತ್ತಿದ್ದದ್ದು ದೈತೋ-ರ್ಯು ಎಂಬ ಜುಜುತ್ಸು. ಕೀಲು ತಿರುಗಿಸುವುದು, ಕೆಡವುವುದು, ನೆಲಕ್ಕೆ ಒತ್ತಿ ಹಿಡಿಯುವುದು. ಇವತ್ತಿನ ಐಕಿಡೋದ ಪಟ್ಟುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದವು.

ಪಟ್ಟು ಅದೇ ಇದ್ದರೂ ಉದ್ದೇಶ ಬದಲಾದದ್ದು ಆಮೇಲೆ. ಉಯೇಶಿಬಾ ಅಯಾಬೆ ಎಂಬಲ್ಲಿಗೆ ಹೋಗಿ ಒಮೋತೋ ಎಂಬ ಧಾರ್ಮಿಕ ಪಂಥದ ನಾಯಕ ಒನಿಸಾಬುರೋ ದೆಗುಚಿಯವರ ಜೊತೆ ವರ್ಷಗಟ್ಟಲೆ ಕಳೆದರು. 1925ರ ಒಂದು ಪ್ರಸಂಗವನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಒಬ್ಬ ನೌಕಾಪಡೆಯ ಅಧಿಕಾರಿ ಮರದ ಕತ್ತಿ ಹಿಡಿದು ಮೇಲೆ ಬಿದ್ದ. ಇವರು ಬರಿಗೈಯಲ್ಲಿದ್ದರು. ತಿರುಗಿ ಹೊಡೆಯಲೇ ಇಲ್ಲ. ಪ್ರತಿ ಏಟಿಗೂ ಸರಿದು ನಿಂತರು. ಕೊನೆಗೆ ಆತ ಸುಸ್ತಾಗಿ ಕುಳಿತ. ಯಾರಿಗೂ ಗಾಯವಾಗದೆ ಜಗಳ ಮುಗಿದಿತ್ತು. ಆಮೇಲೆ ತೋಟದಲ್ಲಿ ನಿಂತಾಗ ತಮಗಾದ ದೊಡ್ಡ ಅನುಭವದ ಬಗ್ಗೆ ಅವರು ಮಾತನಾಡುತ್ತಾರೆ. ಆ ಅನುಭವ ಅವರದು. ನಮ್ಮ ಅಭ್ಯಾಸಕ್ಕೆ ಬೇಕಾದದ್ದು ಅದರ ಹಿಂದಿನ ಭಾಗ: ಏಟು ಬಂದಾಗ ಅದು ಬೀಳುವ ಜಾಗದಲ್ಲಿ ಇರದೇ ಇರುವುದು.

1931ರಲ್ಲಿ ಟೋಕಿಯೋದಲ್ಲಿ ಅವರ ಕೊಬುಕಾನ್ ಡೋಜೋ, ಅಂದರೆ ಅಭ್ಯಾಸದ ಶಾಲೆ, ಶುರುವಾಯಿತು. ಅಲ್ಲಿನ ಅಭ್ಯಾಸ ಎಷ್ಟು ಕಠಿಣವಾಗಿತ್ತೆಂದರೆ ಜನ ಅದನ್ನು 'ನರಕದ ಡೋಜೋ' ಎಂದೇ ಕರೆಯುತ್ತಿದ್ದರು. 'ಐಕಿಡೋ' ಎಂಬ ಹೆಸರು ಅಧಿಕೃತವಾದದ್ದು 1942ರಲ್ಲಿ. ಯುದ್ಧ ಜೋರಾಗಿದ್ದ ಅದೇ ವರ್ಷ ಉಯೇಶಿಬಾ ಟೋಕಿಯೋ ಬಿಟ್ಟು ಇಬಾರಾಕಿ ಪ್ರಾಂತ್ಯದ ಇವಾಮಾಗೆ ಹೋಗಿ ಬೇಸಾಯ ಮಾಡುತ್ತಾ ಅಭ್ಯಾಸ ಮುಂದುವರಿಸಿದರು. ದೇಶವೆಲ್ಲ ಕತ್ತಿ ಹಿರಿದಿದ್ದಾಗ ಒಬ್ಬ ಯುದ್ಧಕಲೆಯ ಗುರು ಗುದ್ದಲಿ ಹಿಡಿದು ಹೊಲಕ್ಕೆ ಇಳಿದದ್ದು ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ.

ಇನ್ನು ಹೆಸರು. 'ಐ' ಎಂದರೆ ಕೂಡುವುದು, ಹೊಂದುವುದು. 'ಕಿ' ಎಂದರೆ ಉಸಿರು, ಚೈತನ್ಯ. ನಾವು ಪ್ರಾಣ ಎನ್ನುವುದಕ್ಕೆ ಹತ್ತಿರದ ಮಾತು. 'ಡೋ' ಎಂದರೆ ದಾರಿ. ಎದುರಿನವರ ಚೈತನ್ಯದ ಜೊತೆ ಕೂಡಿಕೊಳ್ಳುವ ದಾರಿ ಎಂದು ಬಿಡಿಸಿಕೊಳ್ಳಬಹುದು.

ಹಂತ 2: ಡೋಜೋ ಆರಿಸಿಕೊಳ್ಳಿ

ಐಕಿಡೋವನ್ನು ಒಬ್ಬರೇ ಕಲಿಯಲು ಆಗುವುದಿಲ್ಲ. ವಿಡಿಯೋ ನೋಡಿ ಕಲಿಯಲು ಅಂತೂ ಆಗುವುದೇ ಇಲ್ಲ. ಕಲಿಕೆ ಇರುವುದು ಇನ್ನೊಬ್ಬರ ಭಾರ ನಿಮ್ಮ ಕೈಗೆ ಬರುವುದರಲ್ಲಿ. ಹಾಗಾಗಿ ಡೋಜೋ ಬೇಕೇ ಬೇಕು. ಡೋಜೋ ಅಂದರೆ ದಾರಿಯನ್ನು ಅಭ್ಯಾಸ ಮಾಡುವ ಜಾಗ.

ಉಯೇಶಿಬಾ ಅವರ ಶಿಷ್ಯರು ಬೇರೆ ಬೇರೆ ಕಾಲದಲ್ಲಿ ಅವರ ಹತ್ತಿರ ಕಲಿತವರು. ಅದಕ್ಕೇ ಶೈಲಿಗಳೂ ಬೇರೆ. ಅವರ ಕುಟುಂಬವೇ ಮುನ್ನಡೆಸುವ ಐಕಿಕೈ ಎಲ್ಲಕ್ಕಿಂತ ದೊಡ್ಡದು. ಅದರ ಕೇಂದ್ರ ಟೋಕಿಯೋದ ಶಿಂಜುಕುವಿನಲ್ಲಿರುವ ಹೊಂಬು ಡೋಜೋ. ಈಗಿನ ಮುಖ್ಯಸ್ಥರು ಮೊಮ್ಮಗ ಮೊರಿತೆರು ಉಯೇಶಿಬಾ. ಗೊಜೋ ಶಿಯೋದಾ ಕಟ್ಟಿದ ಯೋಶಿಂಕಾನ್ ಹೆಚ್ಚು ಬಿಗಿ, ಹೆಜ್ಜೆಗಳು ಅಳತೆಯಂತೆ ಇರುತ್ತವೆ. ಕೊಯಿಚಿ ತೊಹೇ ಅವರ ಕಿ ಸೊಸೈಟಿಯಲ್ಲಿ ಉಸಿರು, ಮನಸ್ಸಿಗೆ ಒತ್ತು ಜಾಸ್ತಿ. ಮೊರಿಹಿರೋ ಸೈತೋ ಇವಾಮಾದಲ್ಲಿ ಉಳಿದು ಕಲಿಸಿದ ದಾರಿಯಲ್ಲಿ ಕೋಲು, ಕತ್ತಿ ಮತ್ತು ಬರಿಗೈ ಒಂದೇ ಪಾಠ. ಕೆಂಜಿ ತೊಮಿಕಿ ಸ್ಪರ್ಧೆಯನ್ನು ತಂದರು. ಉಳಿದ ಹೆಚ್ಚಿನ ಕಡೆ ಸ್ಪರ್ಧೆ ಇಲ್ಲ.

ಯಾವ ಶೈಲಿ ಎಂದು ಹೊಸಬರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆಂಗಳೂರಿನಲ್ಲಿದ್ದರೂ ಸರಿ, ಬೇರೆ ದೇಶದಲ್ಲಿದ್ದರೂ ಸರಿ, ಮನೆಗೆ ಹತ್ತಿರವಿರುವ ಡೋಜೋಗೆ ಹೋಗಿ ಒಂದು ತರಗತಿ ಸುಮ್ನೆ ಕುಳಿತು ನೋಡಿ. ಗುರುವನ್ನು ನೋಡುವುದಕ್ಕಿಂತ ಜಾಸ್ತಿ ಹಳೆಯ ವಿದ್ಯಾರ್ಥಿಗಳು ಹೊಸಬರನ್ನು ಹೇಗೆ ಬೀಳಿಸುತ್ತಾರೆ ನೋಡಿ. ಬಿದ್ದವರ ತಲೆ ಸುರಕ್ಷಿತವಾಗಿ ನೆಲ ಸೇರುವ ತನಕ ಕಣ್ಣಿಟ್ಟಿರುತ್ತಾರಾ? ಚಾಪೆ ತಟ್ಟಿದ ಕೂಡಲೇ ಬಿಡುತ್ತಾರಾ? ಹಿಡಿತ ಬಿಡಲು ಒಂದು ಕ್ಷಣ ತಡ ಮಾಡಿ ನಗುವವರು ಇರುವ ಜಾಗ ನಿಮಗೆ ಬೇಡ. ನಾನು ಶುರುವಿನಲ್ಲಿ ಹೋಗುತ್ತಿದ್ದ ಒಂದು ಕಡೆ ಹಿರಿಯರೊಬ್ಬರು ಹೀಗೆ ತಡ ಮಾಡಿ ಬಿಟ್ಟು ನನ್ನ ಮಣಿಕಟ್ಟು ಆರು ವಾರ ನೋಯಿತು. ಐಕಿಡೋ ಬಿಟ್ಟೇಬಿಡಬೇಕು ಅನ್ನಿಸಿತ್ತು. ಬಿಡಬೇಕಾದದ್ದು ಆ ಜಾಗವನ್ನು ಮಾತ್ರ ಎಂದು ಗೊತ್ತಾಗಲು ಸ್ವಲ್ಪ ದಿನ ಬೇಕಾಯಿತು.

ಹಂತ 3: ಬಾಗುವುದನ್ನು ಕಲಿಯಿರಿ

ಡೋಜೋ ಒಳಗೆ ಹೋಗುವಾಗ ಬಾಗುತ್ತೀರಿ. ಚಾಪೆ ಹತ್ತುವಾಗ ಬಾಗುತ್ತೀರಿ. ಮುಂದಿನ ಗೋಡೆಯಲ್ಲಿ ಓ-ಸೆನ್ಸೇ ಚಿತ್ರ ಇರುತ್ತದೆ, ಅದಕ್ಕೆ, ಗುರುವಿಗೆ, ಜೊತೆಗಾರರಿಗೆ ಬಾಗುತ್ತೀರಿ. ನಮ್ಮಲ್ಲಿ ಗರಡಿಗೆ ಇಳಿಯುವ ಪೈಲ್ವಾನರು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಮೊಣಕಾಲೂರಿ ಹಿಮ್ಮಡಿಯ ಮೇಲೆ ಕುಳಿತುಕೊಳ್ಳುವ ಭಂಗಿಗೆ ಸೇಜಾ ಎನ್ನುತ್ತಾರೆ. ವಜ್ರಾಸನ ಮಾಡುವವರಿಗೆ ಸುಲಭ. ಮೊಣಕಾಲು ನೋವಿದ್ದರೆ ಮೊದಲೇ ಹೇಳಿ, ಚಕ್ಕಳಮಕ್ಕಳ ಕುಳಿತರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ತರಗತಿಯ ಶುರುವಿನಲ್ಲಿ, ಪ್ರತಿ ಹೊಸ ಜೊತೆಗಾರರ ಮುಂದೆ ನಿಂತಾಗ 'ಒನೆಗೈಶಿಮಸ್' ಎನ್ನಬೇಕು. ದಯವಿಟ್ಟು ಕಲಿಸಿಕೊಡಿ ಎಂಬ ಅರ್ಥ. ಮುಗಿದಾಗ 'ದೋಮೋ ಅರಿಗಾತೋ ಗೊಜೈಮಶಿತ', ತುಂಬಾ ಧನ್ಯವಾದ. ಹತ್ತು ವರ್ಷ ಕಲಿತವರೂ ಮೊದಲ ದಿನ ಬಂದ ಹುಡುಗನಿಗೆ ಇದನ್ನೇ ಹೇಳುತ್ತಾರೆ. ತನ್ನ ಮೈಯನ್ನು ನಿಮ್ಮ ಅಭ್ಯಾಸಕ್ಕೆ ಕೊಡುತ್ತಿರುವವರಿಗೆ ಹೇಳುವ ಮಾತು ಅದು. ಸುಮ್ನೆ ಶಿಷ್ಟಾಚಾರ ಅಂತ ಗೊಣಗಿ ಮುಗಿಸಬೇಡಿ.

ಉಗುರು ಕತ್ತರಿಸಿಕೊಳ್ಳಿ. ಉಂಗುರ, ಗಡಿಯಾರ, ಬಳೆ ತೆಗೆದಿಡಿ. ಕಾಲು ತೊಳೆದುಕೊಂಡು ಬನ್ನಿ.

ಹಂತ 4: ನಿಲ್ಲುವುದನ್ನು ಕಲಿಯಿರಿ

ನಿಲ್ಲುವ ಭಂಗಿಗೆ ಹನ್ಮಿ ಎಂದು ಹೆಸರು. ಹನ್ಮಿ ಅಂದರೆ ಅರ್ಧ ಮೈ. ಒಂದು ಕಾಲು ಮುಂದೆ, ಒಂದು ಹಿಂದೆ. ಮುಂದಿನ ಪಾದ ನೇರ, ಹಿಂದಿನದು ಹೊರಗೆ ತಿರುಗಿರುತ್ತದೆ. ಮೊಣಕಾಲು ಸಡಿಲ. ಮೈ ಸ್ವಲ್ಪ ಓರೆ, ಎದುರಿನವರಿಗೆ ಅರ್ಧ ಎದೆ ಮಾತ್ರ ಕಾಣುವಂತೆ.

ಕಿಕ್ಕಿರಿದ ಬಸ್ಸಿನಲ್ಲಿ ಕಂಬಿ ಸಿಗದೆ ನಿಂತಿದ್ದೀರಾ? ಡ್ರೈವರ್ ಬ್ರೇಕ್ ಹಾಕಿದಾಗ ಬೀಳದಿರಲು ಕಾಲು ಹೇಗೆ ಇಡುತ್ತೀರಿ? ಮೊಣಕಾಲು ಹೇಗೆ ಮೆತ್ತಗಾಗುತ್ತದೆ? ಭಾರ ಹೊಕ್ಕುಳ ಕೆಳಗೆ ಇಳಿದ ಹಾಗೆ ಅನ್ನಿಸುತ್ತದೆ, ಅಲ್ವಾ? ಹೊಕ್ಕುಳಿಗಿಂತ ಸುಮಾರು ಎರಡು ಅಂಗುಲ ಕೆಳಗಿನ ಆ ಜಾಗವನ್ನು ಜಪಾನಿಯರು ತಾಂದೆನ್ ಎನ್ನುತ್ತಾರೆ. ಐಕಿಡೋದಲ್ಲಿ ಎಲ್ಲ ಚಲನೆ ಅಲ್ಲಿಂದ ಹೊರಡಬೇಕು. ಕೈ ಅದರ ಹಿಂದೆ ಬರುತ್ತದೆ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಹೊತ್ತವರಿಗೆ ಈ ಪಾಠ ಆಗಲೇ ಗೊತ್ತು. ಕೈ ಬಿಂದಿಗೆಯನ್ನು ತಡೆದಿರುತ್ತದೆ ಅಷ್ಟೆ. ಹೊರುವುದು ಸೊಂಟ.

ಇದರ ಜೊತೆಗೆ ದೂರದ ಲೆಕ್ಕ ಬರುತ್ತದೆ, ಮಾ-ಐ. ಎದುರಿನವರು ಒಂದು ಹೆಜ್ಜೆ ಇಡದೆ ನಿಮ್ಮನ್ನು ಮುಟ್ಟಲಾಗದಷ್ಟು ದೂರದಲ್ಲಿ ನಿಲ್ಲಬೇಕು. ಆ ಒಂದು ಹೆಜ್ಜೆಯೇ ನಿಮಗೆ ಸಿಗುವ ಸಮಯ. ದಿನನಿತ್ಯದಲ್ಲೂ ನನಗೆ ಹೆಚ್ಚು ಉಪಯೋಗವಾದದ್ದು ಇದೇ. ಜಗಳದ ಮಾತಿಗೆ ಉತ್ತರ ಕೊಡುವ ಮೊದಲು ಒಂದು ಹೆಜ್ಜೆಯಷ್ಟು ಜಾಗ ಇಟ್ಟುಕೊಳ್ಳುವುದು.

ಹಂತ 5: ಬೀಳುವುದನ್ನು ಕಲಿಯಿರಿ, ಇದಕ್ಕೆ ಅವಸರ ಮಾಡಬೇಡಿ

ಬೀಳುವ ಕಲೆಗೆ ಉಕೇಮಿ ಎಂದು ಹೆಸರು. ಮೈಯಿಂದ ಸ್ವೀಕರಿಸುವುದು ಎಂದು ಅದರ ಅರ್ಥ. ಮೊದಲ ಮೂರು ತಿಂಗಳಲ್ಲಿ ಬೇರೇನೂ ಬರದಿದ್ದರೂ ಪರವಾಗಿಲ್ಲ, ಇದು ಬರಬೇಕು. ಬೀಳಲು ಹೆದರುವವರ ಮೈ ಸದಾ ಬಿಗಿಯಾಗಿರುತ್ತದೆ. ಬಿಗಿಯಾದ ಮೈಗೆ ಮುಂದಿನ ಯಾವ ಪಾಠವೂ ಇಳಿಯುವುದಿಲ್ಲ.

ಹಿಂದಕ್ಕೆ ಬೀಳುವುದನ್ನು ಮೊದಲು ಮಾಡಿ. ಒಂದು ಕಾಲನ್ನು ಹಿಂದೆ ಮಡಚಿ, ಮೆಲ್ಲಗೆ ಕುಳಿತುಕೊಳ್ಳುತ್ತಾ ಹೋಗಿ. ಪೃಷ್ಠ ನೆಲ ಮುಟ್ಟಿದ ಮೇಲೆ ಬೆನ್ನನ್ನು ತೊಟ್ಟಿಲ ಹಾಗೆ ಗುಂಡಗೆ ಮಾಡಿ ಹಿಂದಕ್ಕೆ ಉರುಳಿ. ಗದ್ದ ಎದೆಗೆ ಅಂಟಿರಲಿ, ಕಣ್ಣು ನಿಮ್ಮ ಬೆಲ್ಟಿನ ಗಂಟನ್ನು ನೋಡುತ್ತಿರಲಿ. ಆಗ ತಲೆ ನೆಲಕ್ಕೆ ತಾಗುವುದಿಲ್ಲ. ಉಸಿರು ಹೊರಗೆ ಬಿಡುತ್ತಿರಿ. ಎಲ್ಲರೂ ಮಾಡುವ ತಪ್ಪು ಒಂದೇ: ಬೀಳುವಾಗ ಕೈಯನ್ನು ಹಿಂದೆ ಊರುವುದು. ಇಡೀ ಮೈಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ, ಮೂಳೆ ಮುರಿಯುವುದು ಹಾಗೆಯೇ.

ಮುಂದಕ್ಕೆ ಉರುಳುವುದನ್ನು ನಿಂತುಕೊಂಡು ಶುರು ಮಾಡಬೇಡಿ. ಒಂದು ಮೊಣಕಾಲೂರಿ ಕುಳಿತುಕೊಳ್ಳಿ. ಬಲಗೈಯನ್ನು ಬಿಲ್ಲಿನ ಹಾಗೆ ಬಾಗಿಸಿ, ಕಿರುಬೆರಳಿನ ಅಂಚನ್ನು ನೆಲಕ್ಕೆ ಇಡಿ. ಈಗ ನಿಮ್ಮ ಎಡ ಕಂಕುಳನ್ನು ನೋಡಿ. ಸೊಂಟವನ್ನು ಮೇಲೆತ್ತಿ ಮುಂದೆ ಕಳಿಸಿ. ನೆಲ ನಿಮ್ಮನ್ನು ಯಾವ ಕ್ರಮದಲ್ಲಿ ಮುಟ್ಟಬೇಕು ಎಂದರೆ: ಕಿರುಬೆರಳಿನ ಅಂಚು, ಮುಂಗೈ, ಮೊಣಕೈ, ಬಲಭುಜದ ಹಿಂಭಾಗ, ಬೆನ್ನಿನ ಮೇಲೆ ಓರೆಯಾಗಿ ದಾಟಿ ಎಡ ಸೊಂಟ. ಜನಿವಾರವೋ ಪಟ್ಟಿಯೋ ಭುಜದಿಂದ ಸೊಂಟಕ್ಕೆ ಇಳಿಯುವ ಹಾಗೆ ಒಂದು ಗೆರೆ. ತಲೆಯ ಮೇಲೆ ಉರುಳುವ ಲಾಗ ಅಲ್ಲ ಇದು, ಕುತ್ತಿಗೆಗೆ ಭಾರವೇ ಬೀಳಬಾರದು. ಎಲ್ಲಾದರೂ 'ದಡ್' ಎಂದು ಸದ್ದಾದರೆ ಅಲ್ಲಿ ಗುಂಡಗಾಗಿಲ್ಲ ಎಂದರ್ಥ. ಆ ಸದ್ದನ್ನು ಕೇಳಿಸಿಕೊಳ್ಳಿ, ಅದೇ ನಿಮ್ಮ ಮೇಷ್ಟ್ರು. ನನ್ನದು ಎರಡು ತಿಂಗಳು ಭುಜದ ಹತ್ತಿರವೇ ಸದ್ದಾಗುತ್ತಿತ್ತು. ಒಂದು ದಿನ ಆಗಲಿಲ್ಲ. ಎದ್ದು ನಿಂತು ಚಾಪೆಯನ್ನು ನೋಡಿದ್ದು ಇನ್ನೂ ನೆನಪಿದೆ.

ಎಡಕ್ಕೂ ಬಲಕ್ಕೂ ಸಮವಾಗಿ ಮಾಡಿ. ತಲೆ ಸುತ್ತಿದರೆ ನಿಲ್ಲಿಸಿ, ಕುಳಿತುಕೊಳ್ಳಿ. ಕುತ್ತಿಗೆ, ಬೆನ್ನು, ರಕ್ತದೊತ್ತಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಉರುಳಲು ಶುರು ಮಾಡಿ.

ಹಂತ 6: ತೈ ನೋ ಹೆಂಕೋ, ಎಳೆಯದೆ ತಿರುಗುವುದು

ಈಗ ಮೊದಲ ಪ್ರಯೋಗಕ್ಕೆ ವಾಪಸ್ಸು ಬರೋಣ. ಇವಾಮಾದಲ್ಲಿ ಉಯೇಶಿಬಾ ಪ್ರತಿ ಅಭ್ಯಾಸವನ್ನು ತೈ ನೋ ಹೆಂಕೋದಿಂದ ಶುರು ಮಾಡುತ್ತಿದ್ದರು. ಮೈ ತಿರುಗಿಸುವುದು ಎಂದರ್ಥ. ಇಲ್ಲಿ ಯಾರನ್ನೂ ಕೆಡವುವುದಿಲ್ಲ. ನನ್ನ ಮಟ್ಟಿಗೆ ಐಕಿಡೋದ ತತ್ವ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಇದರಲ್ಲೇ.

ನೀವು ಬಲಗಾಲು ಮುಂದಿಟ್ಟು ನಿಂತಿದ್ದೀರಿ. ಜೊತೆಗಾರರು ಎಡಗಾಲು ಮುಂದಿಟ್ಟು, ಎಡಗೈಯಿಂದ ನಿಮ್ಮ ಬಲ ಮಣಿಕಟ್ಟನ್ನು ಹಿಡಿದಿದ್ದಾರೆ. ಗಟ್ಟಿಯಾಗಿ ಹಿಡಿದಿದ್ದಾರೆ.

ಮೊದಲು ಬೆರಳುಗಳನ್ನು ಬಿಡಿಸಿ. ಮುಷ್ಟಿ ಬೇಡ. ಬೆರಳ ತುದಿಯಿಂದ ನೀರು ಹರಿದು ಹೋಗುತ್ತಿದೆ ಅಂದುಕೊಳ್ಳಿ. ಭುಜ ಕೆಳಗಿಳಿಯಲಿ. ಹಿಡಿದ ಕೈಯನ್ನು ಅಲ್ಲೇ ಬಿಟ್ಟುಬಿಡಿ. ಅದು ಈಗ ನಿಮ್ಮದಲ್ಲ ಅಂತಲೇ ಇಟ್ಟುಕೊಳ್ಳಿ. ಅವರಿಗೆ ಬೇಕಾದದ್ದು ಆ ಕೈ ತಾನೆ? ಇರಲಿ.

ಎರಡನೆಯದು, ಕೈ ಇದ್ದಲ್ಲಿಗೆ ನೀವು ಹೋಗಿ. ಬಲಪಾದವನ್ನು ಸ್ವಲ್ಪ ಜಾರಿಸಿ ಅವರ ಎಡಪಾದದ ಹೊರಬದಿಗೆ ತನ್ನಿ, ಎರಡೂ ಹೆಬ್ಬೆರಳು ಒಂದೇ ಸಾಲಿಗೆ ಬರುವಷ್ಟು. ನಿಮ್ಮ ಸೊಂಟ ಈಗ ನಿಮ್ಮ ಕೈಯ ಹಿಂದೆಯೇ ಇದೆ. ಎಳೆದಾಟಕ್ಕೆ ಬೇಕಾದ ದೂರವೇ ಉಳಿದಿಲ್ಲ.

ಮೂರನೆಯದು, ಬಲಪಾದದ ಮೇಲೆ ತಿರುಗಿ, ಎಡಗಾಲನ್ನು ದೊಡ್ಡದಾಗಿ ಹಿಂದಕ್ಕೆ ತನ್ನಿ. ಬೀಸುಕಲ್ಲು ನೆನಪಿದೆಯಾ? ನಡುವಿನ ಗೂಟ ಅಲುಗುವುದಿಲ್ಲ, ಕಲ್ಲು ಸುತ್ತುತ್ತದೆ. ಅವರು ಹಿಡಿದಿರುವ ಜಾಗವೇ ಗೂಟ. ನೀವು ಅದರ ಸುತ್ತ ಹೋದಿರಿ.

ಈಗ ನೋಡಿ, ಇಬ್ಬರೂ ಪಕ್ಕಪಕ್ಕದಲ್ಲಿ, ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದೀರಿ. ನಿಮ್ಮ ಎರಡೂ ಅಂಗೈ ಮೇಲ್ಮುಖವಾಗಿ ಮುಂದೆ ಚಾಚಿವೆ, ಯಾರಿಗೋ ಏನೋ ಕೊಡುತ್ತಿರುವ ಹಾಗೆ. ಅವರು ಇನ್ನೂ ಹಿಡಿದೇ ಇದ್ದಾರೆ. ಆದರೆ ಅವರ ಬಲಕ್ಕೆ ಎದುರು ನಿಂತವರು ಯಾರೂ ಇಲ್ಲ. ಎರಡು ಸೆಕೆಂಡಿನ ಹಿಂದೆ ಎದುರಾಳಿ ಆಗಿದ್ದವರು ನೋಡುತ್ತಿದ್ದ ಕಡೆಗೇ ನೀವೂ ನೋಡುತ್ತಿದ್ದೀರಿ. ಸಾಮರಸ್ಯ ಎಂಬ ದೊಡ್ಡ ಮಾತು ಚಾಪೆಯ ಮೇಲೆ ಹೀಗೆ ಕಾಣುತ್ತದೆ. ಸೋತು ಬಿಟ್ಟುಕೊಟ್ಟದ್ದೂ ಇಲ್ಲ, ನಿಮ್ಮ ಬೆನ್ನು ನೆಟ್ಟಗಿದೆ. ಮೇಲೆ ಬಿದ್ದದ್ದೂ ಇಲ್ಲ.

ತಪ್ಪುವುದು ಎಲ್ಲಿ? ಬಹುತೇಕ ಎರಡನೆಯದರಲ್ಲಿ. ಕಾಲು ಮುಂದಿಡಲು ಹೆದರಿ ನಿಂತಲ್ಲೇ ತಿರುಗಲು ನೋಡುತ್ತೇವೆ. ಆಗ ಕೈ ಹಿಂದೆ ಉಳಿಯುತ್ತದೆ, ಎಳೆತ ಶುರುವಾಗುತ್ತದೆ, ಭುಜ ಮತ್ತೆ ಏಳುತ್ತದೆ. ಹಿಡಿದವರ ಹತ್ತಿರ ಹೋಗಬೇಕು ಎಂಬುದನ್ನು ಮೈ ಒಪ್ಪುವುದೇ ಇಲ್ಲ. ಒಪ್ಪಿಸಲು ದಾರಿ ಒಂದೇ, ನಿಧಾನವಾಗಿ ನೂರಾರು ಸಲ ಮಾಡುವುದು. ಜೊತೆಗಾರರಿಗೆ ಹಿಡಿತ ಜಾಸ್ತಿ ಮಾಡುತ್ತಾ ಹೋಗಲು ಹೇಳಿ. ಎಲ್ಲಿ ಉಸಿರು ನಿಲ್ಲುತ್ತದೆಯೋ ಅಲ್ಲಿ ನಿಲ್ಲಿಸಿ ಮತ್ತೆ ಮೊದಲಿನಿಂದ.

ಹಂತ 7: ಇಕ್ಕ್ಯೋ, ಮೊದಲ ಪಾಠ

ಇಕ್ಕ್ಯೋ ಎಂದರೆ ಅಕ್ಷರಶಃ ಮೊದಲ ಪಾಠ. ಆಮೇಲೆ ನಿಕ್ಯೋ, ಸಂಕ್ಯೋ, ಯೊಂಕ್ಯೋ, ಗೊಕ್ಯೋ ಬರುತ್ತವೆ. ಎರಡು, ಮೂರು, ನಾಲ್ಕು, ಐದು. ಆದರೆ ಮೂವತ್ತು ವರ್ಷ ಕಲಿತವರನ್ನು ಕೇಳಿದರೂ ಇನ್ನೂ ಇಕ್ಕ್ಯೋ ಸರಿ ಮಾಡಿಕೊಳ್ಳುತ್ತಿದ್ದೇನೆ ಎನ್ನುತ್ತಾರೆ.

ಜೊತೆಗಾರರು ಕೈಯಂಚಿನಿಂದ ನಿಮ್ಮ ನಡುನೆತ್ತಿಗೆ ಹೊಡೆಯಲು ಬರುತ್ತಾರೆ. ಕತ್ತಿ ಬೀಸುವ ಹಾಗೆ. ಕೈ ಕೆಳಗಿಳಿಯುವ ತನಕ ಕಾದರೆ ತಡವಾಯಿತು. ಅದು ಮೇಲೇಳುತ್ತಿರುವಾಗಲೇ ಒಳಗೆ ಹೋಗಬೇಕು. ಇದಕ್ಕೆ ಇರಿಮಿ ಎನ್ನುತ್ತಾರೆ, ಪ್ರವೇಶಿಸುವುದು. ಒಂದು ಕೈ ಅವರ ಮಣಿಕಟ್ಟಿನ ಹತ್ತಿರ, ಇನ್ನೊಂದು ಮೊಣಕೈ ಕೆಳಗೆ. ಮೊಣಕೈಯನ್ನು ಅವರದೇ ಕಿವಿಯ ಕಡೆಗೆ ಕಳಿಸಿ. ಅವರ ಭುಜ ತಿರುಗುತ್ತದೆ, ಬೆನ್ನು ಓರೆಯಾಗುತ್ತದೆ, ಭಾರ ಒಂದೇ ಕಾಲಿಗೆ ಬರುತ್ತದೆ. ಸಮತೋಲ ತಪ್ಪಿದ ಈ ಸ್ಥಿತಿಗೆ ಕುಜುಶಿ ಎಂದು ಹೆಸರು. ಆಮೇಲೆ ಮುಂದಕ್ಕೆ ನಡೆಯುತ್ತಾ ಕತ್ತಿ ಇಳಿಸಿದ ಹಾಗೆ ಕೈ ಇಳಿಸಿ. ಅವರು ಬೋರಲು ಮಲಗುತ್ತಾರೆ. ನೀವು ಮೊಣಕಾಲೂರಿ, ಅವರ ತೋಳನ್ನು ನೆಲಕ್ಕೆ ಚಾಚಿಟ್ಟು ಮೇಲಿನಿಂದ ಹಿಡಿದಿರುತ್ತೀರಿ. ಭುಜ ಏಳದಷ್ಟು ಒತ್ತಿದರೆ ಸಾಕು.

ನಾನು ಬಹಳ ದಿನ ತೋಳಿನ ಬಲದಿಂದ ಮೊಣಕೈ ತಳ್ಳುತ್ತಿದ್ದೆ. ನನಗಿಂತ ಸಣ್ಣವರಿಗೆ ನಡೆಯುತ್ತಿತ್ತು. ದೊಡ್ಡವರು ಬಂದರೆ ಕಂಬಕ್ಕೆ ಒರಗಿದ ಹಾಗೆ. ಒಂದು ಸಂಜೆ ನನಗಿಂತ ಎತ್ತರದ, ಗಟ್ಟಿ ಆಳೊಬ್ಬರ ಜೊತೆ ಅಭ್ಯಾಸ. ಹತ್ತು ಸಲವೂ ಆಗಲಿಲ್ಲ. ಗುರು ಬಂದು ಏನೂ ಹೇಳಲಿಲ್ಲ, ನನ್ನ ಬೆನ್ನ ಹಿಂದೆ ನಿಂತು ಬೆಲ್ಟಿನ ಹತ್ತಿರ ಎರಡು ಬೆರಳಿಟ್ಟು ಮುಂದಕ್ಕೆ ಒತ್ತಿದರು, ಅಷ್ಟೆ. ಸೊಂಟ ಮುಂದೆ ಹೋಯಿತು, ಕೈ ಅದರ ಜೊತೆ ಹೋಯಿತು, ಎದುರಿನವರು ಆರಾಮಾಗಿ ಇಳಿದುಬಿಟ್ಟರು. ನನಗೆ ಕೈಗೆ ಏನೂ ಗೊತ್ತೇ ಆಗಲಿಲ್ಲ. ಸರಿಯಾಗಿ ಆದಾಗ ಏನೂ ಮಾಡಿದ ಹಾಗೆ ಅನ್ನಿಸುವುದಿಲ್ಲ ಎಂದು ಅವತ್ತು ತಿಳಿಯಿತು. ಬಲ ಹಾಕಿದ ಹಾಗೆ ಅನ್ನಿಸಿದರೆ ಎಲ್ಲೋ ಅಡ್ಡ ನಿಂತಿದ್ದೇನೆ ಎಂದು ಈಗಲೂ ಲೆಕ್ಕ.

ಇದೇ ಪಟ್ಟನ್ನು ಮುಂದೆ ಹೋಗಿ ಮಾಡಿದರೆ ಒಮೊತೆ, ತಿರುಗಿ ಹಿಂಬದಿಯಿಂದ ಮಾಡಿದರೆ ಉರಾ. ನೇರ ಒಳಗೆ ಹೋಗುವುದು ಇರಿಮಿ, ತಿರುಗಿ ದಾರಿ ಬಿಡುವುದು ತೆಂಕಾನ್. ಎದುರಿನ ಬಲ ಯಾವ ಕಡೆ ಹೋಗುತ್ತಿದೆ ಎಂಬುದರ ಮೇಲೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತೀರಿ. ಐಕಿಡೋ ಅಂದರೆ ಬರೀ ದಾರಿ ಬಿಟ್ಟು ನಿಲ್ಲುವುದು ಅಂದುಕೊಂಡವರಿಗೆ ಇರಿಮಿ ಆಶ್ಚರ್ಯ ತರುತ್ತದೆ. ಎಷ್ಟೋ ಸಲ ಸುರಕ್ಷಿತ ಜಾಗ ಇರುವುದು ಏಟಿನ ಒಳಗೇ, ಎದುರಿನವರ ಪಕ್ಕದಲ್ಲೇ.

ಹಂತ 8: ಒಳ್ಳೆಯ ಉಕೆ ಆಗಿ

ಪಟ್ಟು ಹಾಕುವವರು ನಾಗೆ, ಹಾಕಿಸಿಕೊಳ್ಳುವವರು ಉಕೆ. ಸಾಮಾನ್ಯವಾಗಿ ನಾಲ್ಕು ಸಲ ನೀವು ನಾಗೆ, ಆಮೇಲೆ ನಾಲ್ಕು ಸಲ ಉಕೆ. ಅಂದರೆ ನಿಮ್ಮ ಕಲಿಕೆಯ ಅರ್ಧ ಸಮಯ ಬೀಳುವುದರಲ್ಲೇ ಹೋಗುತ್ತದೆ. ಹೊಸಬರು ಅದನ್ನು ಕಾಯುವ ಸಮಯ ಎಂದುಕೊಳ್ಳುತ್ತಾರೆ. ನಿಜವಾಗಿ ಗುರುವಿನ ಕೈ ನಿಮ್ಮ ಮೈಗೆ ನೇರ ಪಾಠ ಹೇಳುವುದು ಆಗಲೇ.

ಉಕೆಯ ಕೆಲಸ ಮೂರು. ಪ್ರಾಮಾಣಿಕವಾಗಿ ಹೊಡೆಯುವುದು ಅಥವಾ ಹಿಡಿಯುವುದು: ಸರಿಯದಿದ್ದರೆ ತಾಗುವಂತೆ, ಆದರೆ ಎದುರಿನವರ ಮಟ್ಟಕ್ಕೆ ತಕ್ಕ ವೇಗದಲ್ಲಿ. ಸಮತೋಲ ತಪ್ಪದೆ ಸುಳ್ಳಾಗಿ ಬೀಳದಿರುವುದು. ಹಟಕ್ಕೆ ಬಿದ್ದು ಕಲ್ಲಿನ ಹಾಗೆ ನಿಲ್ಲದಿರುವುದು. ಮುಂದೇನು ಬರುತ್ತದೆ ಎಂದು ಗೊತ್ತಿದ್ದು ತಡೆಯುವುದು ಯಾರಿಗೂ ಕಷ್ಟವಲ್ಲ, ಅದರಿಂದ ಇಬ್ಬರಿಗೂ ಏನೂ ಸಿಗುವುದಿಲ್ಲ.

ಐಕಿಡೋದ ಬಗ್ಗೆ ಹೊರಗಿನವರ ಟೀಕೆ ಇದೆ. ಉಕೆ ಬೇಕಂತಲೇ ಬೀಳುತ್ತಾರೆ, ಇದು ನಿಜವಾದ ಹೊಡೆದಾಟದಲ್ಲಿ ನಡೆಯುವುದಿಲ್ಲ ಎಂದು. ಇದನ್ನು ತಳ್ಳಿಹಾಕಬೇಡಿ. ಸುಳ್ಳು ಹೊಡೆತ, ಸುಳ್ಳು ಬೀಳು ಇರುವ ಅಭ್ಯಾಸಕ್ಕೆ ಆ ಟೀಕೆ ಸರಿಯಾಗಿಯೇ ಅನ್ವಯಿಸುತ್ತದೆ. ಆರು ತಿಂಗಳಲ್ಲಿ ಬೀದಿ ಜಗಳಕ್ಕೆ ತಯಾರಾಗಬೇಕು ಎನ್ನುವವರು ಬೇರೆ ಕಲೆ ನೋಡುವುದು ಒಳ್ಳೆಯದು. ಇಲ್ಲಿ ಬಲ ನಿಧಾನವಾಗಿ ಬರುತ್ತದೆ.

ನೋವು ಶುರುವಾದರೆ ಚಾಪೆಯನ್ನೋ ಜೊತೆಗಾರರನ್ನೋ ಎರಡು ಸಲ ತಟ್ಟಿ. ಸಹಿಸಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನಾಗೆ ಆಗಿದ್ದಾಗ ಶಿಹೋನಾಗೆ ಎಂಬ ಪಟ್ಟಿನಲ್ಲಿ ವಿಶೇಷ ಎಚ್ಚರ ಬೇಕು. ಅದರಲ್ಲಿ ಉಕೆಯ ಕೈ ಭುಜದ ಹಿಂದೆ ಮಡಚಿರುತ್ತದೆ. ಜೋರಾಗಿ ನೆಟ್ಟಗೆ ಕೆಳಗೆಳೆದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಹೊಸಬರ ಜೊತೆ ಅದನ್ನು ಕೊನೆಯ ತನಕ ನಿಧಾನವಾಗಿಯೇ ಮಾಡಿ. ಇನ್ನೊಬ್ಬರ ಕೀಲು ನಿಮ್ಮ ಕೈಯಲ್ಲಿದ್ದಾಗ ಎಲ್ಲಿ ನಿಲ್ಲಿಸುತ್ತೀರಿ ಎಂಬುದರಲ್ಲೇ ಉಯೇಶಿಬಾ ಅವರ ಮುಖ್ಯ ಮಾತು ಅಡಗಿದೆ. ಎದುರಾಳಿಯನ್ನೂ ಕಾಪಾಡಬೇಕು ಎಂದದ್ದು ಅವರು. 'ಮಸಕತ್ಸು ಅಗತ್ಸು' ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ನಿಜವಾದ ಗೆಲುವು ತನ್ನನ್ನು ತಾನು ಗೆಲ್ಲುವುದು.

ಹಂತ 9: 'ಕಿ' ಬಗ್ಗೆ ಅತಿಯಾಗಿ ಯೋಚಿಸಬೇಡಿ, ಉಸಿರಾಡಿ

ಇಬ್ಬರಿದ್ದರೆ ಮನೆಯಲ್ಲೇ ಇದನ್ನು ಮಾಡಬಹುದು. ತೋಳನ್ನು ಮುಂದೆ ಚಾಚಿ ಜೊತೆಗಾರರ ಭುಜದ ಮೇಲೆ ಮಣಿಕಟ್ಟು ಇಡಿ. ಮೊಣಕೈ ಲಾಕ್ ಮಾಡಬೇಡಿ, ಸ್ವಲ್ಪ ಬಾಗಿರಲಿ. ಅವರು ಎರಡೂ ಕೈಯಿಂದ ನಿಮ್ಮ ಮೊಣಕೈಯನ್ನು, ಅದು ಮಡಚುವ ದಿಕ್ಕಿಗೇ, ಮೆಲ್ಲಗೆ ಬಾಗಿಸಲು ನೋಡಲಿ. ಮೊದಲು ಮುಷ್ಟಿ ಬಿಗಿದು ತಡೆಯಿರಿ. ಆಮೇಲೆ ಬೆರಳು ಬಿಡಿಸಿ, ದೂರದ ಗೋಡೆ ಮುಟ್ಟುತ್ತಿದ್ದೇನೆ ಅಂದುಕೊಂಡು ಸಡಿಲವಾಗಿ ಚಾಚಿ. ಎರಡನೆಯ ಸಲ ಬಾಗಿಸುವುದು ಕಷ್ಟವಾಗುತ್ತದೆ. ತೊಹೇ ಅವರು ಈ ಬಾಗದ ತೋಳನ್ನು ಕಲಿಸಿ ಪ್ರಸಿದ್ಧ ಮಾಡಿದರು.

ಇದರಲ್ಲಿ ಪವಾಡ ಇಲ್ಲ. ಮುಷ್ಟಿ ಬಿಗಿದಾಗ ತೋಳಿನ ಮುಂದಿನ ಸ್ನಾಯುವೂ ಬಿಗಿಯುತ್ತದೆ. ಕೈಯನ್ನು ಬಾಗಿಸುವುದೇ ಆ ಸ್ನಾಯು. ಅಂದರೆ ನೀವೇ ಅವರಿಗೆ ಸಹಾಯ ಮಾಡುತ್ತಿದ್ದಿರಿ. ಸಡಿಲ ಬಿಟ್ಟಾಗ ಕೈ ಚಾಚುವ ಹಿಂದಿನ ಸ್ನಾಯು ಮಾತ್ರ ಕೆಲಸ ಮಾಡುತ್ತದೆ. ಕಿ ಎಂಬುದನ್ನು ನಾನು ಸದ್ಯಕ್ಕೆ ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ನನ್ನ ವಿರುದ್ಧ ನಾನೇ ಕೆಲಸ ಮಾಡದೇ ಇದ್ದಾಗ ಸಿಗುವ ಬಲ. ಇದಕ್ಕಿಂತ ದೊಡ್ಡ ಅರ್ಥ ಕಂಡವರು ಇದ್ದಾರೆ, ಅವರ ಜೊತೆ ನನಗೆ ವಾದವಿಲ್ಲ. ಹೊಸಬರು ಉಸಿರನ್ನು ಗಮನಿಸಿದರೆ ಸಾಕು. ಬಲ ಕೊಡುವಾಗ ಉಸಿರು ಹೊರಗೆ.

ಹಂತ 10: ಕೋಲು, ಕತ್ತಿ, ಮತ್ತು ಕ್ಯಾಲೆಂಡರ್

ಬೊಕ್ಕೆನ್ ಎಂಬ ಮರದ ಕತ್ತಿ, ಸುಮಾರು 128 ಸೆಂ.ಮೀ. ಉದ್ದದ ಜೋ ಎಂಬ ಕೋಲು ಮುಂದೆ ನಿಮ್ಮ ಕೈಗೆ ಬರುತ್ತವೆ. ಬರಿಗೈ ಹೆಜ್ಜೆಗಳ ಅರ್ಥ ಆಗ ತಿಳಿಯುತ್ತದೆ. ಮನೆಯ ಅಂಗಳದಲ್ಲೋ ತಾರಸಿಯಲ್ಲೋ ದಿನಕ್ಕೆ ಐವತ್ತು ಸಲ ಬೊಕ್ಕೆನ್ ನೇರವಾಗಿ ಎತ್ತಿ ಇಳಿಸಿ. ಒಬ್ಬರೇ ಮಾಡಬಹುದಾದ ಅಭ್ಯಾಸಗಳಲ್ಲಿ ಇದು ಅತಿ ಒಳ್ಳೆಯದು.

ವಾರಕ್ಕೆ ಎರಡು ದಿನ ಬಂದರೆ ಮೈ ಮರೆಯುವುದಿಲ್ಲ. ಒಂದು ದಿನ ಬಂದರೆ ಪ್ರತಿ ಸಲ ಮೊದಲಿನಿಂದ ಶುರು ಮಾಡಿದ ಹಾಗೆ. ದರ್ಜೆಗಳಿಗೆ ಕ್ಯೂ, ಡಾನ್ ಎಂದು ಹೆಸರು. ಐಕಿಕೈನಲ್ಲಿ 5ನೇ ಕ್ಯೂನಿಂದ ಶುರುವಾಗಿ 1ಕ್ಕೆ ಇಳಿಯುತ್ತದೆ, ಆಮೇಲೆ ಕಪ್ಪು ಬೆಲ್ಟಿನ ಶೋಡಾನ್. ಹೊಂಬು ಡೋಜೋದ ನಿಯಮದಂತೆ 5ನೇ ಕ್ಯೂ ಪರೀಕ್ಷೆಗೆ ಕನಿಷ್ಠ 30 ದಿನಗಳ ಅಭ್ಯಾಸ ಬೇಕು. ಶೋಡಾನ್ ಎಂಬ ಪದದಲ್ಲಿರುವ 'ಶೋ' ಎಂದರೆ ಆರಂಭ. ಸ್ಪರ್ಧೆ ಇಲ್ಲದಿರುವುದರಿಂದ ನಿಮಗೆ ಅಳತೆಗೋಲು ಸಿಗುವುದಿಲ್ಲ, ಇದು ಕೆಲವರಿಗೆ ಬೇಸರ ತರುತ್ತದೆ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ತರಗತಿ ಮುಗಿದ ಮೇಲೆ ಒಂದೇ ಸಾಲು ಬರೆಯಿರಿ: ಇವತ್ತು ನನ್ನ ಭುಜ ಯಾವಾಗ ಎದ್ದಿತು?

ತರಗತಿಯ ಕೊನೆಗೆ ಹೆಚ್ಚಿನ ಕಡೆ ಕೊಕ್ಯೂ-ಹೋ ಇರುತ್ತದೆ. ಇಬ್ಬರೂ ಸೇಜಾದಲ್ಲಿ ಎದುರುಬದುರು ಕುಳಿತುಕೊಳ್ಳುತ್ತೀರಿ. ಜೊತೆಗಾರರು ನಿಮ್ಮ ಎರಡೂ ಮಣಿಕಟ್ಟು ಹಿಡಿಯುತ್ತಾರೆ. ಕಾಲಿಲ್ಲ, ಓಡುವ ಹಾಗಿಲ್ಲ, ತಿರುಗುವ ಹಾಗಿಲ್ಲ. ಬೆರಳು ಬಿಡಿಸುತ್ತೀರಿ. ಉಸಿರು ಬಿಡುತ್ತೀರಿ. ಮೊಣಕೈ ಒಳಗೆ, ಸೊಂಟ ಸ್ವಲ್ಪ ಮುಂದೆ, ಕೈ ಅವರ ಭುಜದ ಕಡೆಗೆ ಮೇಲೇಳುತ್ತದೆ. ಕೆಲವು ದಿನ ಅವರು ಪಕ್ಕಕ್ಕೆ ವಾಲುತ್ತಾರೆ. ಕೆಲವು ದಿನ ಏನೂ ಆಗುವುದಿಲ್ಲ, ಇಬ್ಬರೂ ನಕ್ಕು ಕೈ ಬದಲಾಯಿಸುತ್ತೀರಿ. ಆಮೇಲೆ ಬಾಗಿ, ಪೊರಕೆ ತಂದು, ಚಾಪೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗುಡಿಸುತ್ತೀರಿ.